ಎಂಜಿನ್ನಿನ ಮೂಲ ಹೊಂದಾಣಿಕೆ ಕೈತಪ್ಪದಿರಲಿ

ಡೀಸೆಲ್ ಪಿಕಪ್ ಮತ್ತು ಜೀಪುಗಳ ಎಳೆಯುವ ಬಲವನ್ನು ಹೆಚ್ಚಿಸಿ ಕೊಡುತ್ತೇವೆಂಬ ಮಾತು ಮಲೆನಾಡಿನ ಪೇಟೆಗಳಲ್ಲಿಯೂ ಈಗ ಕೇಳಿಬರುತ್ತಿದೆ. ಇದು ಸ್ಪಾನರು, ಸ್ಕ್ರೂಡ್ರೈವರು ಹಿಡಿದು ಮಾಡುವ ಕೆಲಸವಲ್ಲ; ಬಾನೆಟ್ ಎತ್ತುವ ಅಗತ್ಯವೂ ಹೆಚ್ಚಾಗಿ ಬೀಳುವುದಿಲ್ಲ. ಅಂಗೈಯಗಲದ ಒಂದು ಸಾಧನವನ್ನು ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸಿಕ್ಕಿಸಿ ನಾಲ್ಕಾರು ಗುಂಡಿ ಒತ್ತುತ್ತಾರೆ. ಮಾಲೀಕರು ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಗಾಡಿಯ ಗುಣವೇ ಬದಲಾಗಿರುತ್ತದೆ. "ಬೇಡವೆನಿಸಿದರೆ ಯಾವಾಗ ಬೇಕಾದರೂ ಕಂಪನಿಯಿಂದ ಬಂದ ಹಾಗೆಯೇ ಮಾಡಿಕೊಡುತ್ತೇವೆ" ಎಂಬ ಭರವಸೆಯೂ ಜೊತೆಗೆ ದೊರೆಯುತ್ತದೆ.

ಬೆಳೆಗಾರ ಬಂಧುಗಳು ಮುಖ್ಯವಾಗಿ ಯೋಚಿಸಬೇಕಾದುದು ಈ ಕೊನೆಯ ಭರವಸೆಯನ್ನು ಕುರಿತೇ. ಬಲ ಎಷ್ಟು ಹೆಚ್ಚುತ್ತದೆಂದು ಎಲ್ಲರೂ ಕೇಳುತ್ತಾರೆ. ಮೂಲ ಸ್ಥಿತಿಗೆ ಮರಳುವ ದಾರಿ ಯಾರ ಕೈಯಲ್ಲಿ ಉಳಿಯುತ್ತದೆಂದು ಕೇಳುವವರು ಕಡಿಮೆ. ದೊಡ್ಡ ಎಸ್ಟೇಟಿನವರಿಗೆ ಒಂದು ಗಾಡಿ ಗ್ಯಾರೇಜು ಸೇರಿದರೆ ಇನ್ನೊಂದು ಇರುತ್ತದೆ. ಸಾಲ ಮಾಡಿ ಕೊಂಡ ಒಂದೇ ಗಾಡಿಯಲ್ಲಿ ಗೊಬ್ಬರವನ್ನೂ ಕಾಫಿ ಮೂಟೆಯನ್ನೂ ಸುಲಿದ ಅಡಿಕೆಯನ್ನೂ ಸಾಗಿಸಬೇಕಾದ ಸಣ್ಣ ಹಿಡುವಳಿದಾರರಿಗೆ, ಕೊಯ್ಲಿನ ಹೊತ್ತಿನಲ್ಲಿ ಆ ಗಾಡಿ ಹತ್ತು ದಿನ ನಿಂತರೆ ಆಗುವ ನಷ್ಟ ಬಹಳ. ಆದ್ದರಿಂದ ಭಾರ ಹೊರುವ ಗಾಡಿಗೆ ಈ ಬದಲಾವಣೆ ಬೇಡವೆಂಬುದು ನಮ್ಮ ಅಭಿಪ್ರಾಯ. ಈಗಾಗಲೇ ಮಾಡಿಸಿದವರು ಕ್ರಮವರಿತು ಮೂಲ ಹೊಂದಾಣಿಕೆಗೆ ಮರಳುವುದು ಲೇಸು. ಕಾರಣಗಳನ್ನು ಮುಂದೆ ವಿವರಿಸಿದ್ದೇವೆ.

ಸಾಧನ ಮಾಡುವ ಕೆಲಸ

ಹಳೆಯ ಡೀಸೆಲ್ ಜೀಪುಗಳಲ್ಲಿ ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಪಂಪಿನ ಒಂದು ಸ್ಕ್ರೂ ನಿರ್ಧರಿಸುತ್ತಿತ್ತು. ಅದಕ್ಕೆ ತಂತಿ ಕಟ್ಟಿ ಸೀಲು ಒತ್ತಿರುತ್ತಿದ್ದರು. ಸೀಲು ಕಿತ್ತು ಸ್ಕ್ರೂ ತಿರುಗಿಸಿದರೆ ಗಾಡಿ ಬಿರುಸಾಗಿ ಏರುತ್ತಿತ್ತು, ಹಿಂದೆ ಕರಿಹೊಗೆಯೂ ಏಳುತ್ತಿತ್ತು. ಯಾರೋ ಕೈಹಾಕಿದ್ದಾರೆಂಬುದು ಸೀಲು ನೋಡಿದೊಡನೆ ಗೊತ್ತಾಗುತ್ತಿತ್ತು. ಎಷ್ಟು ಸುತ್ತು ತಿರುಗಿಸಿದ್ದೆಂದು ಮೇಸ್ತ್ರಿಗೆ ನೆನಪಿದ್ದರೆ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರಾಯಿತು. ಎಲ್ಲವೂ ಕಣ್ಣಿಗೆ ಕಾಣುವ ವ್ಯವಹಾರ.

ಕಾಮನ್ ರೈಲ್ ಎಂಜಿನ್ನುಗಳು ಬಂದ ಮೇಲೆ ಆ ಸ್ಕ್ರೂವಿನ ಕೆಲಸವನ್ನು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ವಹಿಸಿಕೊಂಡಿದೆ. ಕಾಲಿನ ಪೆಡಲು ಎಷ್ಟು ಒತ್ತಿದೆ, ಗಾಳಿ ಎಷ್ಟು ಬರುತ್ತಿದೆ, ಟರ್ಬೊ ಎಷ್ಟು ಒತ್ತಡ ಕೊಡುತ್ತಿದೆ, ನೀರು ಎಷ್ಟು ಕಾದಿದೆ ಎಂಬುದನ್ನೆಲ್ಲ ಸೆನ್ಸರುಗಳಿಂದ ತಿಳಿದುಕೊಂಡು, ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಚಿಮ್ಮಿಸಬೇಕೆಂದು ಅದು ಲೆಕ್ಕ ಹಾಕುತ್ತದೆ. ಲೆಕ್ಕಕ್ಕೆ ಆಧಾರವಾಗಿ ಅದರ ನೆನಪಿನಲ್ಲಿ ನೂರಾರು ಕೋಷ್ಟಕಗಳಿರುತ್ತವೆ. ಹೊಗೆಯ ಮಿತಿ, ಶಾಖದ ಮಿತಿ, ಗೇರುಬಾಕ್ಸು ತಡೆಯಬಲ್ಲ ಬಲದ ಮಿತಿ ಎಲ್ಲವೂ ಅಲ್ಲಿ ಬರೆದಿರುತ್ತವೆ. ಈ ಕೋಷ್ಟಕಗಳ ಒಟ್ಟು ಕಟ್ಟನ್ನೇ ನಾವಿಲ್ಲಿ ಮೂಲ ಹೊಂದಾಣಿಕೆ ಎಂದು ಕರೆದಿದ್ದೇವೆ.

ಬೋರ್ಡೋ ಮಿಶ್ರಣ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅದಕ್ಕೆ ತಕ್ಕ ಸುಣ್ಣ. ಕೊಳೆರೋಗ ಬೇಗ ಹೋಗಲೆಂದು ತುತ್ತನ್ನಷ್ಟೇ ಹೆಚ್ಚಿಸಿ ಸುಣ್ಣವನ್ನು ಮರೆತರೆ ಎಳೆಗಾಯಿಯೇ ಸುಟ್ಟೀತು. ಎಂಜಿನ್ನಿನ ಹೊಂದಾಣಿಕೆಯಲ್ಲಿಯೂ ಡೀಸೆಲ್, ಗಾಳಿ, ಶಾಖಗಳಿಗೆ ಇಂಥದೇ ಪ್ರಮಾಣವಿದೆ.

ಬಲ ಹೆಚ್ಚಿಸುವ ಉಪಾಯಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು, ಸೆನ್ಸರಿನ ವಯರಿನ ನಡುವೆ ಸೇರಿಸುವ ಪುಟ್ಟ ಡಬ್ಬಿ. ಅದು ಇಸಿಯುಗೆ "ಡೀಸೆಲ್ ಒತ್ತಡ ಕಡಿಮೆಯಿದೆ" ಎಂದು ಸುಳ್ಳು ಹೇಳಿ ಒತ್ತಡ ಏರಿಸುವಂತೆ ಮಾಡುತ್ತದೆ. ಅದನ್ನು ಕಿತ್ತು ವಯರು ಕೂಡಿಸಿದರೆ ಗಾಡಿ ಮೊದಲಿನಂತಾಗುತ್ತದೆ. ಎರಡನೆಯದು, ಸಾಕೆಟ್ಟಿಗೆ ಸಿಕ್ಕಿಸುವ ಕೈಸಾಧನ. ಅದು ಮೂಲ ಹೊಂದಾಣಿಕೆಯನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಮೂರನೆಯದು, ಗ್ಯಾರೇಜಿನವರು ಲ್ಯಾಪ್‌ಟಾಪ್ ಜೋಡಿಸಿಯೋ ಇಸಿಯುವನ್ನೇ ಬಿಚ್ಚಿಯೋ ಬರೆಯುವ ವಿಧಾನ. ಕೊನೆಯ ಎರಡರಲ್ಲಿ ಹಳೆಯ ಹೊಂದಾಣಿಕೆ ಗಾಡಿಯೊಳಗೆ ಉಳಿಯುವುದೇ ಇಲ್ಲ. ಕೈಸಾಧನವಾದರೆ ಸಾಧನದಲ್ಲಿ, ಲ್ಯಾಪ್‌ಟಾಪ್ ಆದರೆ ಗ್ಯಾರೇಜಿನಲ್ಲಿ ಅದು ಇರುತ್ತದೆ. ಗಾಡಿಯ ಸಾಲದ ಕಂತು ಕಟ್ಟುವವರು ಒಬ್ಬರು, ಅದರ ಮೂಲ ಹೊಂದಾಣಿಕೆ ಇಟ್ಟುಕೊಂಡವರು ಮತ್ತೊಬ್ಬರು ಎಂದಾಯಿತು.

ಮರಳುವ ದಾರಿಯ ತೊಡಕುಗಳು

ಕೈಸಾಧನಗಳು ಸಾಮಾನ್ಯವಾಗಿ ಒಮ್ಮೆ ಬರೆದ ಗಾಡಿಯ ಗುರುತಿನ ಸಂಖ್ಯೆಗೆ ಬೀಗ ಹಾಕಿಕೊಳ್ಳುತ್ತವೆ. ಆ ಗಾಡಿಯನ್ನು ಮೂಲ ಸ್ಥಿತಿಗೆ ತಂದ ಹೊರತು ಇನ್ನೊಂದು ಗಾಡಿಗೆ ಅವನ್ನು ಬಳಸಲಾಗುವುದಿಲ್ಲ. ಇದರಿಂದ ಎರಡು ತೊಂದರೆಗಳು ಹುಟ್ಟುತ್ತವೆ. ಸಾಧನ ಕಳೆದರೆ ಅಥವಾ ಕೆಟ್ಟರೆ ಅದರೊಳಗಿನ ಮೂಲ ಹೊಂದಾಣಿಕೆಯೂ ಹೋಯಿತು. ಗಾಡಿಯನ್ನು ಹಾಗೆಯೇ ಮಾರಿದರೆ ಕೊಂಡವರಿಗೆ ಮರಳುವ ದಾರಿಯಿಲ್ಲ, ಮಾರಿದವರಿಗೆ ಸಾಧನ ಕೆಲಸಕ್ಕೆ ಬಾರದು.

ಬ್ಯಾಟರಿಯ ತಂತಿ ಬಿಚ್ಚಿ ಅರ್ಧ ಗಂಟೆ ಬಿಟ್ಟರೆ ಗಾಡಿ ಕಂಪನಿಯ ಸ್ಥಿತಿಗೆ ಬರುತ್ತದೆಂದು ನಂಬಿರುವವರು ಅನೇಕರು. ಇದು ಸರಿಯಲ್ಲ. ಬ್ಯಾಟರಿ ಬಿಚ್ಚಿದರೆ ಇಸಿಯು ಓಡಾಟದಲ್ಲಿ ಕಲಿತುಕೊಂಡ ಕೆಲವು ಸಣ್ಣ ತಿದ್ದುಪಡಿಗಳು ಅಳಿಯಬಹುದು. ಬರೆದ ಕೋಷ್ಟಕಗಳು ವಿದ್ಯುತ್ತಿಲ್ಲದಿದ್ದರೂ ಉಳಿಯುವಂಥ ನೆನಪಿನಲ್ಲಿರುವುದರಿಂದ ಅವು ಕದಲುವುದಿಲ್ಲ. ದೋಷದ ದೀಪ ಆರಿಸಿದರೂ ಅಷ್ಟೆ. ದೀಪ ಆರುತ್ತದೆ, ಹೊಂದಾಣಿಕೆ ಹಾಗೆಯೇ ಇರುತ್ತದೆ.

ಮತ್ತೊಂದು ತೊಡಕು ಸರ್ವಿಸಿನ ಸಂದರ್ಭದ್ದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇಸಿಯುಗೆ ಹೊಸ ತಂತ್ರಾಂಶ ಹಾಕಿದರೆ, ಹಿಂದೆ ಬರೆಸಿದ್ದೆಲ್ಲ ಅದರ ಅಡಿಯಲ್ಲಿ ಅಳಿದುಹೋಗುತ್ತದೆ. ಸಾಧನಕ್ಕೆ ಇದು ತಿಳಿಯದು. ಗಾಡಿ ಇನ್ನೂ ಬದಲಾದ ಸ್ಥಿತಿಯಲ್ಲೇ ಇದೆಯೆಂದು ಅದು ಭಾವಿಸಿರುತ್ತದೆ. ಅದರಲ್ಲಿರುವ ಹಳೆಯ ಪ್ರತಿ ಈಗಿನ ತಂತ್ರಾಂಶಕ್ಕೆ ಹೊಂದದೆಯೂ ಹೋಗಬಹುದು. ಬಲವಂತವಾಗಿ ಬರೆಯಲು ಹೋದರೆ ಪೆಟ್ಟಿಗೆ ಕಲ್ಲಾಗಿ ಕುಳಿತು ಗಾಡಿ ಸ್ಟಾರ್ಟೇ ಆಗದ ಸ್ಥಿತಿ ಬರಬಹುದು.

ಮರಳುವವರು ಅನುಸರಿಸಬೇಕಾದ ಕ್ರಮ

1. ಬದಲಾಯಿಸಿದ ಸಾಧನವನ್ನೇ ಬಳಸಬೇಕು. ಬೇರೊಂದು ಗಾಡಿಯ ಪ್ರತಿ, ಅದೇ ಮಾದರಿಯ ಗಾಡಿಯದಾದರೂ, ಬೇಡ. ಒಂದೇ ಮಾದರಿಯಲ್ಲಿ ವರ್ಷ ಬದಲಾದಂತೆ ತಂತ್ರಾಂಶವೂ ಬದಲಾಗಿರುತ್ತದೆ.

2. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಗಾಡಿ ನಿಂತಿರುವಾಗ ಸುಮಾರು 12.5 ವೋಲ್ಟ್ ಇರುವುದು ಒಳ್ಳೆಯದು. ದೀಪ, ಫ್ಯಾನು, ರೇಡಿಯೋ, ಮೊಬೈಲ್ ಚಾರ್ಜರ್ ಎಲ್ಲವನ್ನೂ ಆರಿಸಬೇಕು. ಬರೆಯುವ ನಡುವೆ ವಿದ್ಯುತ್ ಕುಸಿದರೆ ಇಸಿಯು ಅರೆಬರೆ ಉಳಿಯುತ್ತದೆ.

3. ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಬೇಕು, ಎಂಜಿನ್ ಸ್ಟಾರ್ಟ್ ಮಾಡಬಾರದು. ಸಾಧನ ಹೇಳಿದಾಗ ಮಾತ್ರ ಕೀ ಮುಟ್ಟಬೇಕು. ಕೆಲಸ ಮುಗಿಯಿತೆಂದು ತೋರಿಸುವ ತನಕ ವಯರು ಕೀಳಬಾರದು.

4. ಇಸಿಯುವಿನ ತಂತ್ರಾಂಶದ ಸಂಖ್ಯೆಯನ್ನು ಮೊದಲೂ ಆಮೇಲೂ ಓದಿ ಪುಸ್ತಕದಲ್ಲಿ ಬರೆದಿಡಬೇಕು. ಅದು ಕಂಪನಿಯ ಸಂಖ್ಯೆಯೇ ಹೌದೇ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ ಖಾತ್ರಿ ಮಾಡಿಕೊಳ್ಳಬಹುದು.

5. ಮರಳಿದ ಮೇಲೆ ದೋಷ ಸಂಕೇತಗಳನ್ನು ಅಳಿಸಿ, ಒಂದೆರಡು ದಿನ ಭಾರವಿಲ್ಲದೆ ಓಡಿಸಿ ಮತ್ತೆ ಓದಿಸಬೇಕು. ಹೊಸ ದೋಷ ಬಂದಿದ್ದರೆ ಅದು ತಂತ್ರಾಂಶದ್ದಲ್ಲದೆ ಬಿಡಿಭಾಗದ್ದಿರಬಹುದು.

6. ಗ್ಯಾರೇಜಿನ ಲ್ಯಾಪ್‌ಟಾಪಿನಲ್ಲಿ ಬರೆಸಿದ್ದವರು ಮೂಲ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಬೇಕು. ಗಾಡಿಯ ನಂಬರು, ದಿನಾಂಕ ಬರೆದು ಪಹಣಿ, ಆರ್.ಸಿ. ಇಡುವ ಪೆಟ್ಟಿಗೆಯಲ್ಲೇ ಅದನ್ನು ಇಡುವುದು ಉತ್ತಮ. ಪ್ರತಿ ದೊರೆಯದಿದ್ದರೆ ಸರ್ವಿಸ್ ಸೆಂಟರಿನಲ್ಲಿ ನಿಜ ಹೇಳಿ, ಹಣ ಕೊಟ್ಟು ಕಂಪನಿಯ ತಂತ್ರಾಂಶ ಹಾಕಿಸಿಕೊಳ್ಳುವುದೇ ದಾರಿ.

ಬಲದ ಬೆಲೆ

ಹೊಂದಾಣಿಕೆ ಮರಳಿತೆಂದ ಮಾತ್ರಕ್ಕೆ ಎಂಜಿನ್ನಿನ ಆಯಸ್ಸು ಮರಳುವುದಿಲ್ಲ. ಹೆಚ್ಚು ಡೀಸೆಲ್ ಉರಿದಾಗ ಹೊರಬರುವ ಗಾಳಿಯ ಶಾಖ ಏರುತ್ತದೆ. ಮೊದಲು ಪೆಟ್ಟು ಬೀಳುವುದು ಟರ್ಬೊ, ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗಳಿಗೆ. ಹೆಚ್ಚಿದ ಬಲವನ್ನು ಚಕ್ರಕ್ಕೆ ಮುಟ್ಟಿಸಬೇಕಾದ ಕ್ಲಚ್ ಪ್ಲೇಟೂ ಗೇರುಬಾಕ್ಸೂ ಹಳೆಯವೇ ಆಗಿರುತ್ತವೆ. ಬಯಲು ಸೀಮೆಯ ಹೆದ್ದಾರಿಯಲ್ಲಿ ಬರಿದೇ ಓಡುವ ಕಾರಿಗೂ, ಒಂದು ಟನ್ನು ಹೊತ್ತು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಎರಡನೆಯ ಗೇರಿನಲ್ಲಿ ಏರುವ ಪಿಕಪ್ಪಿಗೂ ವ್ಯತ್ಯಾಸವಿದೆ. ಏರಿನಲ್ಲಿ ಎಂಜಿನ್ ಬಹು ಹೊತ್ತು ಪೂರ್ತಿ ಬಲದಲ್ಲಿ ದುಡಿಯುತ್ತದೆ, ಎದುರು ಗಾಳಿಯ ತಂಪು ಕಡಿಮೆ.

ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಡಿಕೇರಿ, ಚಿಕ್ಕಮಗಳೂರು ಪಟ್ಟಣಗಳು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿವೆ. ಅಷ್ಟು ಎತ್ತರದಲ್ಲಿ ಗಾಳಿ ಸುಮಾರು ನೂರಕ್ಕೆ ಹತ್ತರಷ್ಟು ತೆಳು. ಕಂಪನಿಯ ಹೊಂದಾಣಿಕೆಯಲ್ಲಿ ಇದಕ್ಕೆ ತಕ್ಕ ತಿದ್ದುಪಡಿ ಇರುತ್ತದೆ. ಬೇರೆಲ್ಲೋ ಸಿದ್ಧಪಡಿಸಿ ತಂದ ಹೊಂದಾಣಿಕೆಯಲ್ಲಿ ಅದನ್ನು ಉಳಿಸಿದ್ದಾರೆಯೇ, ಇಲ್ಲವೇ ಎಂದು ನಮಗೆ ತಿಳಿಯುವ ಬಗೆಯಿಲ್ಲ.

ಬಿಎಸ್-6 ಗಾಡಿಗಳದು ಇನ್ನೊಂದು ಕಥೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ ತಯಾರಾದ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟುಕೊಳ್ಳಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ದೂರ ಓಡಬೇಕು. ತೋಟದಿಂದ ಕಣಕ್ಕೆ, ಕಣದಿಂದ ಸಂಘಕ್ಕೆ ಎಂಬಂತೆ ಓಡುವ ನಮ್ಮ ಗಾಡಿಗಳಲ್ಲಿ ಫಿಲ್ಟರ್ ಬೇಗ ಕಟ್ಟಿಕೊಂಡು ಕಾಟ ಕೊಡುವುದು ನಿಜ. ಆಗಲೇ "ಫಿಲ್ಟರ್ ಕತ್ತರಿಸಿ, ತಂತ್ರಾಂಶದಲ್ಲೂ ಅದನ್ನು ತೆಗೆದುಬಿಡೋಣ" ಎಂಬ ಸಲಹೆ ಬರುತ್ತದೆ. ಒಮ್ಮೆ ಹೀಗೆ ಮಾಡಿದ ಮೇಲೆ ಮೂಲ ತಂತ್ರಾಂಶ ಹಾಕಿದರೆ ಅದು ಇಲ್ಲದ ಫಿಲ್ಟರನ್ನು ಹುಡುಕಿ, ದೋಷದ ದೀಪ ಹೊತ್ತಿಸಿ, ಬಲವನ್ನೇ ತಗ್ಗಿಸೀತು. ಮರಳಬೇಕಾದರೆ ಹೊಸ ಫಿಲ್ಟರನ್ನೇ ಕೊಳ್ಳಬೇಕು. ಅದು ಸಣ್ಣ ಮೊತ್ತವಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ನಿರ್ಣಯಿಸಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ನಮ್ಮ ಅಂಗಳದಲ್ಲಿ ಮೂಟೆ ಏರಿಸುವವರು.

ಕೈಸಾಧನಗಳು ಹೆಚ್ಚು ಬಳಕೆಗೆ ಬಂದದ್ದು ಅಮೆರಿಕದ ಡೀಸೆಲ್ ಪಿಕಪ್ಪುಗಳಲ್ಲಿ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅದರ ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಪಿಕಪ್ಪುಗಳ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ತೆಗೆಯಲಾಗಿತ್ತು. ಒಬ್ಬೊಬ್ಬರೂ ತಮ್ಮ ಒಂದು ಗಾಡಿಯಿಂದ ಏನಾದೀತೆಂದೇ ಯೋಚಿಸಿದ್ದಿರಬೇಕು.

ಕಾನೂನು ಮತ್ತು ವಾರಂಟಿ

ನಮ್ಮ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ರೀತಿಯಲ್ಲಿ ಗಾಡಿಯನ್ನು ಮಾರ್ಪಡಿಸುವ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಿದೆ. ಹೊಗೆಯ ಮಿತಿ ಮೀರಿದರೆ ಪ್ರತ್ಯೇಕ ಶಿಕ್ಷೆಯುಂಟು. ತಂತ್ರಾಂಶದ ಬದಲಾವಣೆ ಯಾರ ಕಣ್ಣಿಗೂ ಬೀಳದೆಂಬ ಧೈರ್ಯ ಕೆಲವರಿಗೆ. ಇಸಿಯುಗೆ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಅನೇಕ ಗಾಡಿಗಳಲ್ಲಿ ಒಳಗೇ ಉಳಿದಿರುತ್ತದೆ. ಮೂಲಕ್ಕೆ ಮರಳಿದರೂ ಆ ಲೆಕ್ಕ ಅಳಿಯಬೇಕೆಂದಿಲ್ಲ. ಸರ್ವಿಸಿಗೆ ಬಿಡುವ ಹಿಂದಿನ ದಿನ ಮೂಲಕ್ಕೆ ತಂದು, ಮರುದಿನ ಮತ್ತೆ ಬದಲಾಯಿಸುವ ಜಾಣತನ ಹೆಚ್ಚು ಕಾಲ ನಡೆಯದು. ವಾರಂಟಿಯ ತಕರಾರು ಬಂದಾಗ ಕಂಪನಿಯ ಕೈ ಮೇಲಾಗುತ್ತದೆ. ಅಪಘಾತದ ವಿಮೆ ಕೇಳುವಾಗಲೂ, ತಿಳಿಸದೆ ಮಾಡಿದ ಬದಲಾವಣೆ ತಕರಾರಿಗೆ ದಾರಿಯಾದೀತು.

ಎದುರು ವಾದ

"ಹಣ ಕೊಟ್ಟು ಕೊಂಡ ಗಾಡಿ ನಮ್ಮದು. ನಮ್ಮ ವಸ್ತುವನ್ನು ನಮಗೆ ಬೇಕಾದಂತೆ ತಿದ್ದಿಕೊಂಡರೆ ತಪ್ಪೇನು? ಕಂಪನಿಯವರು ಮಾಡಿದ್ದೆಲ್ಲ ಸರಿಯೇ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಹಗುರವಾದುದಲ್ಲ. ಕಾರ್ಖಾನೆಯ ಹೊಂದಾಣಿಕೆ ದೇವರ ವಾಕ್ಯವೇನೂ ಅಲ್ಲ. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ಮಾಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಇರಿಸಿತ್ತೆಂಬುದು 2015ರಲ್ಲಿ ಬಯಲಾಯಿತು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಅಂಥ ತಂತ್ರಾಂಶವಿತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ತಿದ್ದಲು ಹಿಂದಕ್ಕೆ ಕರೆಯಬೇಕಾಯಿತು.

ಆದರೆ ಆ ವಂಚನೆ ಹೊರಬಿದ್ದದ್ದು, ಯಾವ ತಂತ್ರಾಂಶ ಯಾವ ಗಾಡಿಯಲ್ಲಿದೆ ಎಂದು ಅಳೆದು ನೋಡುವವರಿದ್ದುದರಿಂದ. ಕೈಸಾಧನದಿಂದ ಬರೆದ ಹೊಂದಾಣಿಕೆಗೆ ಹೊಣೆ ಹೊರುವವರು ಯಾರೂ ಇಲ್ಲ. ಅದನ್ನು ಯಾರು ಬರೆದರು, ಯಾವ ಗಾಡಿಯಲ್ಲಿ ಪರೀಕ್ಷಿಸಿದರು ಎಂಬುದು ಮಾರುವವರಿಗೇ ತಿಳಿದಿರುವುದು ಅಪರೂಪ.

ನಮ್ಮ ಗಾಡಿಯನ್ನು ನಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ನಾವು ಪೂರ್ತಿ ಬೆಂಬಲಿಸುತ್ತೇವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಈ ಕುರಿತು ಸಮಿತಿ ನೇಮಿಸಿದಾಗ, ಕೃಷಿ ಯಂತ್ರಗಳನ್ನೂ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತ್ತು. ದೋಷ ಸಂಕೇತಗಳ ಅರ್ಥ, ರಿಪೇರಿ ಪುಸ್ತಕ, ಮೂಲ ತಂತ್ರಾಂಶವನ್ನು ನ್ಯಾಯವಾದ ದರದಲ್ಲಿ ಹಾಕಿಕೊಡುವ ವ್ಯವಸ್ಥೆ, ಇವೆಲ್ಲ ಪೇಟೆಯ ಸಾಮಾನ್ಯ ಗ್ಯಾರೇಜಿಗೂ ದೊರೆಯಬೇಕು. ಸರ್ವಿಸ್ ಸೆಂಟರ್ ಎಪ್ಪತ್ತು, ಎಂಬತ್ತು ಕಿಲೋಮೀಟರ್ ದೂರವಿರುವ ಊರಿನವರಿಗೆ ಇದು ನಿಜವಾದ ಬೇಡಿಕೆ. ಮಿತಿಗಳನ್ನು ದಾಟಿಸುವ ಸಾಧನ ಈ ಬೇಡಿಕೆಯನ್ನು ಈಡೇರಿಸುವುದಿಲ್ಲ.

ಸಂಘ ಮಾಡಬಹುದಾದ ಕೆಲಸ

ಬಲ ಹೆಚ್ಚಿಸಬೇಕೆಂದು ಬರುವ ಎಷ್ಟೋ ಗಾಡಿಗಳಲ್ಲಿ ನಿಜವಾಗಿ ಇರುವುದು ಬಲ ಕುಂದಿಸಿದ ಒಂದು ಸಣ್ಣ ದೋಷ. ಮಣ್ಣುರಸ್ತೆಯ ದೂಳು ತುಂಬಿದ ಏರ್ ಫಿಲ್ಟರ್, ನೀರು ಸೇರಿದ ಡೀಸೆಲ್ ಫಿಲ್ಟರ್, ಟರ್ಬೊದಿಂದ ಬರುವ ಬಿರುಕುಬಿಟ್ಟ ರಬ್ಬರ್ ಪೈಪು, ಮಸಿ ಕಟ್ಟಿದ ಇಜಿಆರ್ ವಾಲ್ವು, ಜಾರುವ ಕ್ಲಚ್, ಹಿಡಿದುಕೊಂಡ ಬ್ರೇಕು, ಗಾಳಿಯಿಲ್ಲದ ಟೈರು. ಇವುಗಳಲ್ಲಿ ಯಾವುದಿದ್ದರೂ ಗಾಡಿ ಏರುವುದಿಲ್ಲ. ಬೇರು ಕೊಳೆತ ಗಿಡಕ್ಕೆ ಮೇಲಿಂದ ಮೇಲೆ ಯೂರಿಯಾ ಸುರಿದಂತೆ, ದೋಷ ಹಾಗೆಯೇ ಇಟ್ಟುಕೊಂಡು ಡೀಸೆಲ್ ಹೆಚ್ಚಿಸಿದರೆ ಹಾನಿ ಎರಡು ಪಟ್ಟು.

ಅದೇ ಸಾಕೆಟ್ಟಿಗೆ ಸಿಕ್ಕಿಸಿ ದೋಷಗಳನ್ನು ಕೇವಲ ಓದುವ ಸಾಧನಗಳೂ ಇವೆ. ಮೊಬೈಲಿಗೆ ಜೋಡಿಸುವ ಸಾಮಾನ್ಯ ಬಗೆಯದು ಸಾವಿರ ರೂಪಾಯಿ ಆಸುಪಾಸಿನಲ್ಲೇ ದೊರೆಯುತ್ತದೆ; ಗ್ಯಾರೇಜಿಗೆ ತಕ್ಕ ದರ್ಜೆಯದಕ್ಕೆ ಬೆಲೆ ಹೆಚ್ಚು. ಸ್ಪ್ರೇಯರು, ತೂಕದ ಯಂತ್ರಗಳನ್ನು ಸದಸ್ಯರ ಬಳಕೆಗೆ ಇಡುವ ಸಂಘಗಳು ಇಂಥದೊಂದು ಒಳ್ಳೆಯ ದರ್ಜೆಯ ಸಾಧನವನ್ನು ಕೊಂಡು, ತಿಳಿದ ಒಬ್ಬ ಮೆಕ್ಯಾನಿಕ್ಕಿನ ಕೈಯಲ್ಲಿ ವಾರಕ್ಕೊಂದು ದಿನ ಸದಸ್ಯರ ಗಾಡಿಗಳನ್ನು ಓದಿಸಬಹುದು. ಹಳೆಯ ಗಾಡಿ ಕೊಳ್ಳುವ ಸದಸ್ಯರಿಗೂ ಇದು ನೆರವಾದೀತು. ಹಣ ಕೊಡುವ ಮೊದಲು ಇಸಿಯುವಿನ ತಂತ್ರಾಂಶದ ಸಂಖ್ಯೆ ಓದಿಸಿ, ಕಂಪನಿಯದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಬಹುದು. ಹಾಗೆಯೇ, ರಾಜ್ಯದ ಬೆಳೆಗಾರರ ಸಂಘಟನೆಗಳು ಒಟ್ಟಾಗಿ, ಮೂಲ ತಂತ್ರಾಂಶವನ್ನು ನಿಗದಿತ ದರಕ್ಕೆ ತಾಲೂಕು ಮಟ್ಟದಲ್ಲಿ ಹಾಕಿಕೊಡುವಂತೆ ತಯಾರಕರನ್ನು ಕೇಳಬೇಕು. ಒಬ್ಬ ಸಣ್ಣ ಬೆಳೆಗಾರ ಕೇಳಿದರೆ ಕಿವಿಗೊಡದವರು ಸಾವಿರಾರು ಗಾಡಿ ಕೊಳ್ಳುವ ಸಂಘಟನೆಗಳ ಮಾತನ್ನು ತಳ್ಳಿಹಾಕಲಾರರು.

ಅಡಿಕೆ ಮರ ಹತ್ತುವವರು ಇಳಿಯುವುದನ್ನೂ ಬಲ್ಲವರಾಗಿರಬೇಕು. ಮೂಲ ಹೊಂದಾಣಿಕೆಯ ಪ್ರತಿ ತಮ್ಮ ಕೈಯಲ್ಲಿಲ್ಲದೆ, ಅದಕ್ಕೆ ಮರಳುವ ಕ್ರಮ ತಿಳಿಯದೆ ಯಾವ ಸದಸ್ಯರೂ ತಮ್ಮ ಗಾಡಿಯನ್ನು ಇಂಥ ಸಾಧನಕ್ಕೆ ಒಪ್ಪಿಸಬಾರದೆಂದು ಮತ್ತೊಮ್ಮೆ ಹೇಳುತ್ತೇವೆ. ಮುಂದಿನ ಕೊಯ್ಲಿಗೆ ಮೊದಲೇ ಗಾಡಿಯ ದೋಷಗಳನ್ನು ಒಮ್ಮೆ ಓದಿಸಿಕೊಳ್ಳಿ. ದೋಷ ಓದುವ ಸಾಧನವನ್ನು ಸಂಘದ ವತಿಯಿಂದ ಕೊಳ್ಳುವ ಕುರಿತು ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.